ಶನಿ ವೃಶ್ಚಿಕದಲ್ಲಿದ್ದಾಗ ನಾನಾಡಿದ ಮಾತು

ಶನಿಯ ಕಾಟವಿದೆ ಎಂದು ನಿನ್ನ ಮದುವೆ ಮುರಿಯಿತಲ್ಲ, ನೀಲಾ — ಆ ಕಾಟವನ್ನು ತಂದಿಟ್ಟವಳು ನಾನು. ಪಂಚಾಂಗ ಹೇಳುವ ಅಯ್ಯನವರ ತಪ್ಪಿಲ್ಲ ಅದರಲ್ಲಿ, ನಮ್ಮ ಅವ್ವನ ತಪ್ಪೂ ಇಲ್ಲ. ಹೊಸಪೇಟೆಯ ಸುತ್ತಲಿನ ಹಳ್ಳಿಗಳಿಗೆ ದುರ್ಬೀನು ಹೊತ್ತುಕೊಂಡು ಹೋಗಿ, ಶನಿ ಅಂದರೆ ಬರೀ ಒಂದು ಗ್ರಹ, ಹೆದರಬೇಡಿ ಎಂದು ಗಂಟಲು ಹರಿದುಕೊಂಡ ಗಿರಿಜಾ ಟೀಚರೇ, ತನ್ನ ಮನೆಯ ಪಡಸಾಲೆಯಲ್ಲಿ ಕೂತು, ಅದೇ ಶನಿಯನ್ನು ನಿನ್ನ ಮೇಲೆ ಬಿಟ್ಟಳು. ನಾನಾಡಿದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ — ಇಷ್ಟು ವರ್ಷ ಅದನ್ನೇ ಮನಸ್ಸಿಗೆ ಹೇಳಿಕೊಂಡು ನಿದ್ದೆ ಮಾಡಿದ್ದೇನೆ. ಚೆನ್ನಾಗಿಯೇ ನಿದ್ದೆ ಮಾಡಿದ್ದೇನೆ, ಅದನ್ನೂ ಹೇಳಬೇಕು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮೇಲೆ ನನಗೆ ಇವತ್ತಿಗೂ ಪ್ರೀತಿ ಇಲ್ಲ. ತಪ್ಪೊಪ್ಪಿಕೊಂಡ ಕೂಡಲೇ ಮನಸ್ಸು ಬೆಣ್ಣೆಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡ. ನಿನ್ನ ಧ್ವನಿ ಕೇಳಿದರೆ ಈಗಲೂ ನನ್ನ ಹುಬ್ಬು ಗಂಟಾಗುತ್ತದೆ. ನೀನು ಒಳ್ಳೆಯವಳು ಎಂಬುದು ನನಗೆ ಗೊತ್ತು. ಅದರಿಂದ ನನ್ನ ಸಿಟ್ಟು ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ನಿನಗೆ ಶನಿಯನ್ನು ಮೊದಲ ಸಲ ತೋರಿಸಿದವಳೂ ನಾನೇ. ಎಂಟನೆಯ ತರಗತಿಯಲ್ಲಿದ್ದೆ ನೀನು. ಉಳಿದ ಮಕ್ಕಳೆಲ್ಲ ದುರ್ಬೀನಿಗೆ ಕಣ್ಣಿಟ್ಟು ‘ಅಬ್ಬಾ, ಬಳಿ ಹಾಕ್ಕೊಂಡೈತಿ!’ ಎಂದು ಕೂಗಿ ಸರಿದರು. ನೀನೊಬ್ಬಳು ನೋಡಿದ ಮೇಲೆ ಕೊಳವೆಯ ಆ ತುದಿಗೆ ಹೋಗಿ ಅಂಗೈ ಅಡ್ಡ ಹಿಡಿದು, ಮತ್ತೆ ಬಂದು ಕಣ್ಣಿಟ್ಟೆ. ‘ಒಳಗ ಚಿತ್ರ ಅಂಟಿಸೀರೇನೋ ಅಂತ ನೋಡಿದೆ ಟೀಚರ್’ ಎಂದೆ. ನನಗೆ ನಗು ಬಂತು, ಹೆಮ್ಮೆಯೂ ಆಯಿತು. ನನ್ನ ಮಾತನ್ನು ಹಾಗೆಯೇ ನಂಬದ ಒಬ್ಬ ವಿದ್ಯಾರ್ಥಿನಿ ಸಿಕ್ಕಳಲ್ಲ ಎಂದು ಆ ದಿನ ಶಿಕ್ಷಕರ ಕೋಣೆಯಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ.

ಆಮೇಲೆ ನೀನು ಓದಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಹೊಸಪೇಟೆಗೇ ಬಂದೆ. ನನ್ನ ಶನಿವಾರಗಳಲ್ಲಿ ಜೊತೆಯಾದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಸಂಜೆ ಯಾವುದಾದರೂ ಊರಿನ ಶನಿದೇವರ ಗುಡಿಯ ಎದುರಿಗೇ ದುರ್ಬೀನು ಹೂಡುವುದು ನನ್ನ ಪದ್ಧತಿ. ಜನ ಎಳ್ಳೆಣ್ಣೆಯ ಬಟ್ಟಲು ಹಿಡಿದು ಹೆದರಿಕೊಂಡೇ ಬರುತ್ತಾರೆ. ಒಳಗೆ ಎಣ್ಣೆ ಎರೆದು ಹೊರಗೆ ಬಂದವರನ್ನು ನಿಲ್ಲಿಸಿ, ‘ಬರ್ರಿ, ಯಾರಿಗೆ ಹೆದರತೀರಿ ಅವನನ್ನ ಒಮ್ಮೆ ನೋಡ್ಕೊಂಡು ಹೋಗ್ರಿ’ ಎನ್ನುತ್ತಿದ್ದೆ. ಪೂಜಾರಿಗಳು ಬೈದದ್ದುಂಟು. ಪಾಪಿನಾಯಕನಹಳ್ಳಿಯಲ್ಲಿ ಒಬ್ಬಾತ ದುರ್ಬೀನಿನ ಮೂರುಕಾಲಿಗೆ ಒದ್ದದ್ದೂ ಉಂಟು. ಆದರೂ ನಾಲ್ಕು ಸೀಮೆಯಲ್ಲಿ ನನ್ನನ್ನು ‘ಶನಿ ಟೀಚರ್’ ಎಂದು ಕರೆಯುತ್ತಿದ್ದರು, ಗೇಲಿಯಲ್ಲಿ ಪ್ರೀತಿ ಬೆರೆಸಿ. ನನಗೆ ಆ ಹೆಸರು ಬಹಳ ಇಷ್ಟವಾಗಿತ್ತು.

ನೀನು ಬಂದ ಮೇಲೆ ಆ ಹೆಸರು ನಿನಗೆ ಹೋಯಿತು. ನಾನು ಉಂಗುರಗಳು ಮಂಜುಗಡ್ಡೆಯ ಚೂರುಗಳಿಂದ ಆಗಿವೆ ಎಂದು ಪಾಠ ಮಾಡುತ್ತಿದ್ದರೆ, ನೀನು ಆ ಶನಿಯನ್ನೇ ಸುತ್ತುತ್ತಿದ್ದ ಕ್ಯಾಸಿನಿ ನೌಕೆ ಕಳಿಸಿದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿ ಕಥೆ ಹೇಳುತ್ತಿದ್ದೆ. ಟೈಟನ್ ಎಂಬ ಚಂದ್ರನ ಮೇಲೆ ಮಳೆ ಬರುತ್ತದೆ, ಆದರೆ ನೀರಿನ ಮಳೆಯಲ್ಲ. ಎನ್ಸೆಲಾಡಸ್ ಎಂಬ ಪುಟ್ಟ ಬಿಳಿ ಚಂದ್ರನ ಬಿರುಕುಗಳಿಂದ ನೀರು ಚಿಲುಮೆಯಾಗಿ ಆಕಾಶಕ್ಕೆ ಹಾರುತ್ತದೆ — ಮಲಪನಗುಡಿಯ ಹೆಂಗಸರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನ್ನ ಸಾಲು ಖಾಲಿಯಾಗಿ ನಿನ್ನ ಸುತ್ತ ಜನ ಕೂಡಿದ್ದನ್ನು ನಾನು ನೋಡಿದೆ. ಹೊಟ್ಟೆಕಿಚ್ಚು ಎಂಬ ಮಾತು ಬಿಟ್ಟರೆ ಅದಕ್ಕೆ ಬೇರೆ ಮಾತಿಲ್ಲ.

ಹೊಟ್ಟೆಕಿಚ್ಚು ಒಂದೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ನಿಮ್ಮದು ಊರ ಹೊರಗಿನ ಕೇರಿಯ ಬೌದ್ಧರ ಮನೆ. ನಿನ್ನ ಅಪ್ಪ ಬೇರೆಯವರ ಗದ್ದೆಯಲ್ಲಿ ದುಡಿದು ನಿನ್ನನ್ನು ಓದಿಸಿದವರು. ನಮ್ಮದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದ ಶೈವರ ಮನೆ. ಜಾತಿ ನೋಡುವವಳಲ್ಲ ನಾನು ಎಂದು ತಿಳಿದಿದ್ದೆ, ನಂಬಿಯೂ ಇದ್ದೆ. ಆದರೆ ನೀನು ದುರ್ಬೀನಿಗೆ ಕಣ್ಣಿಟ್ಟು ಸರಿದ ಮೇಲೆ, ನಾನು ಕಣ್ಣಿಡುವ ಮೊದಲು, ಸೆರಗಿನಿಂದ ಆ ಗಾಜನ್ನು ಒರೆಸುತ್ತಿದ್ದೆ. ಗುಡಿಯ ಓಣಿಯ ಜನ ನೋಡಿದ ಮೇಲೆ ಒರೆಸುತ್ತಿರಲಿಲ್ಲ. ನನ್ನ ಕೈ ಅದನ್ನು ತಾನೇ ಮಾಡುತ್ತಿತ್ತು, ನನ್ನನ್ನು ಕೇಳುತ್ತಿರಲಿಲ್ಲ — ಎಂದು ಬರೆಯಹೊರಟಿದ್ದೆ. ಸುಳ್ಳು. ನನಗೆ ಗೊತ್ತಿತ್ತು.

ನಿನಗೂ ಗೊತ್ತಾಗಿತ್ತು. ಆದರೂ ಮುಂದಿನ ಶನಿವಾರ ನೀನು ಮತ್ತೆ ಬಂದೆ.

ಅಷ್ಟರಲ್ಲಿ ನನ್ನ ತಮ್ಮ ಬಸು — ಸಂಡೂರಿನ ಗಣಿ ಕಂಪನಿಯ ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡುವವ — ರಜೆಗೆ ಬಂದಾಗಲೆಲ್ಲ ದುರ್ಬೀನಿನ ಪೆಟ್ಟಿಗೆ ಹೊರಲು ತಾನೇ ಮುಂದೆ ಬರತೊಡಗಿದ. ಆಕಾಶದ ಮೇಲೆ ಅವನಿಗೆ ಎಂದೂ ಆಸಕ್ತಿ ಇರಲಿಲ್ಲ. ನಿನ್ನನ್ನೇ ಮದುವೆಯಾಗುತ್ತೇನೆಂದು ಅವನು ಹೇಳಿದ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅವ್ವ ಅತ್ತಳು, ಬೈದಳು, ತಿಂಗಳುಗಟ್ಟಲೆ ಮಾತು ಬಿಟ್ಟಳು. ಕೊನೆಗೆ ಅವಳೇ ಸೋತಳು. ‘ಗಿರಿಜಾ ಓದಿದಾಕಿ. ಆಕಿ ಹೂಂ ಅಂದ್ರ ನಂದೂ ಹೂಂ’ ಎಂದಳು. ಬಸು ನನ್ನ ಮುಖ ನೋಡಿದ. ಬೇರೆ ಏನು ಹೇಳಬಲ್ಲೆ ನಾನು? ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು! ‘ಹೂಂ, ಅದರಾಗ ಏನೈತಿ’ ಎಂದೆ, ಜೋರಾಗಿ, ಪಕ್ಕದ ಮನೆಗೂ ಕೇಳುವ ಹಾಗೆ. ಬಸು ಅಲ್ಲೇ ನನ್ನ ಕಾಲು ಮುಟ್ಟಿದ.

ಆ ಸೆಪ್ಟೆಂಬರಿನಲ್ಲಿ ಕ್ಯಾಸಿನಿ ಸತ್ತಿತು. ವರ್ಷಗಟ್ಟಲೆ ಶನಿಯನ್ನು ಸುತ್ತಿ, ಕೊನೆಗೆ ಇಂಧನ ಮುಗಿಯುತ್ತಾ ಬಂದಾಗ, ಅದನ್ನು ಬೇಕೆಂದೇ ಶನಿಯೊಳಗೆ ಕೆಡವಿ ಸುಟ್ಟರು. ಅದು ಶುಕ್ರವಾರ, ಮರುದಿನ ನಾವು ಮಲಪನಗುಡಿಯಲ್ಲಿದ್ದೆವು. ಮುಂಗತ್ತಲಲ್ಲಿ ಶನಿ ಚೇಳಿನ ನಕ್ಷತ್ರಗಳ ಪಕ್ಕ ನಿಚ್ಚಳವಾಗಿತ್ತು. ಚಲೋ ಇದ್ದ ನೌಕೆಯನ್ನು ಯಾಕೆ ಸುಟ್ಟರು ಎಂದು ಒಬ್ಬ ಮುದುಕಿ ಕೇಳಿದಳು. ನೀನು ಹೇಳಿದೆ — ಆ ಚಂದ್ರರ ಮೇಲೆ ನೀರಿದೆ, ಒಂದುವೇಳೆ ಜೀವವೂ ಇರಬಹುದು, ನೌಕೆಗೆ ಅಂಟಿಕೊಂಡ ಭೂಮಿಯ ಕ್ರಿಮಿಗಳು ಅಲ್ಲಿಗೆ ಹೋಗಿ ಸೇರಬಾರದು. ಮುದುಕಿ, ‘ಹಂಗಾರ ಅವರೂ ನಮ್ಮಂಗ ಮಡಿ ಮಾಡ್ತಾರ ಅನ್ನು’ ಎಂದಳು. ಎಲ್ಲರೂ ನಕ್ಕರು.

ನೀನು ನಗಲಿಲ್ಲ. ‘ಇಲ್ಲವ್ವಾ, ಅವರದು ಬ್ಯಾರೆ. ನಾವು ಇನ್ನೊಬ್ಬರಿಂದ ನಮಗೆ ಕೊಳಿ ಹತ್ತತೈತಿ ಅಂತ ಒರಸ್ಕೋತೀವಿ. ಅವರು ನಮ್ಮ ಕೊಳಿ ಇನ್ನೊಬ್ಬರಿಗೆ ಹತ್ತಬಾರದು ಅಂತ ತಮ್ಮದನ್ನ ಸುಟ್ಕೊಂಡ್ರು’ ಎಂದೆ. ಎನ್ನುತ್ತಾ ನನ್ನ ಕೈಯನ್ನು ನೋಡಿದೆ. ಕೈಯಲ್ಲಿ ಸೆರಗಿತ್ತು. ಜನರಿಗೆ ಏನೂ ತಿಳಿಯಲಿಲ್ಲ, ಬಸುವಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು. ನನ್ನ ಕೈಯಲ್ಲಿ ಪಾಠ ಕಲಿತವಳು, ನನಗೇ ಪಾಠ ಹೇಳುತ್ತಾಳೆ — ಇವಳು ನಾಳೆ ನಮ್ಮ ಮನೆಯ ಅಡುಗೆಮನೆಯಲ್ಲಿ ನಿಂತು, ದಿನಾ ನನ್ನನ್ನು ಹೀಗೆ ನೋಡುತ್ತಾಳೆ...

ಸೋಮವಾರ ಅವ್ವ ಮುಹೂರ್ತ ಕೇಳಲು ಅಯ್ಯನವರನ್ನು ಮನೆಗೆ ಕರೆಸಿದಳು. ಬಸು ಸಂಡೂರಿಗೆ ಹೋಗಿದ್ದ.

ಅವ್ವನ ವಿಷಯ ಇಲ್ಲಿ ಹೇಳಬೇಕು. ಅಪ್ಪ ಗಿರಣಿಯಿಂದ ಬರುವಾಗ ಲಾರಿ ಡಿಕ್ಕಿಯಾಗಿ ತೀರಿಕೊಂಡಾಗ ಅವರಿಗೆ ಸಾಡೇಸಾತಿ, ಅಂದರೆ ಏಳೂವರೆ ವರ್ಷದ ಶನಿಕಾಟ, ನಡೆದಿತ್ತಂತೆ. ಅಂದಿನಿಂದ ಅವ್ವನಿಗೆ ಶನಿ ಎಂದರೆ ನಡುಕ. ಶನಿವಾರ ನಮ್ಮನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಆ ಹೆದರಿಕೆಯನ್ನು ಬಿಡಿಸಲೆಂದೇ ನಾನು ದುರ್ಬೀನು ಕೊಂಡದ್ದು. ಮಾಳಿಗೆಯ ಮೇಲೆ ಕರೆದೊಯ್ದು ಮೊದಲು ತೋರಿಸಿದ್ದು ಅವಳಿಗೇ. ದುರ್ಬೀನಿನಿಂದ ಕಣ್ಣು ತೆಗೆಯದೆಯೇ, ‘ಇಷ್ಟು ಚಂದ ಅದಾನಲ್ಲೇ! ಇಂವ ಯಾಕ ನಿಮ್ಮಪ್ಪನ್ನ ಕೊಲ್ತಾನ?’ ಎಂದಿದ್ದಳು. ಅಂದಿನಿಂದ ಎಣ್ಣೆ ಎರೆಯುವುದನ್ನು ಬಿಟ್ಟಳು. ನನ್ನ ಜೀವನದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು.

ಅಯ್ಯನವರು ಹುಡುಗಿಯ ಜಾತಕ ಕೇಳಿದರು. ನಿಮ್ಮ ಮನೆಯಲ್ಲಿ ಜಾತಕ ಬರೆಸುವುದಿಲ್ಲ ಎಂದೆ. ‘ಇರಲಿ ಬಿಡ್ರಿ, ಹೆಸರಿನ ಮ್ಯಾಲೆ ನೋಡೋಣ. ನೀಲಾ... ನೀ ಅಂದ್ರ ಅನುರಾಧಾ ನಕ್ಷತ್ರ, ವೃಶ್ಚಿಕ ರಾಶಿ. ಸದ್ಯ ಶನಿ ಅಲ್ಲೇ ಕುಂತಾನ’ ಎಂದರು. ಅವ್ವನ ಮುಖ ಇಳಿಯಿತು. ಅದನ್ನು ನೋಡಿ ಅಯ್ಯನವರೇ ನಕ್ಕರು. ‘ಹೆದರಬ್ಯಾಡ್ರಿ ತಾಯಿ. ಹೆಂಗೂ ಲಗ್ನದಾಗ ಸೊಸಿಗೆ ಹೊಸ ಹೆಸರು ಇಡತೀರಿ. ಪಾರ್ವತಿ ಅಂತ ಇಡ್ರಿ, ಕನ್ಯಾ ರಾಶಿ ಆಗತೈತಿ. ಶನಿ ಮೂರನೇ ಮನಿಗೆ ಬರತಾನ, ಭಾಳ ಚಲೋ.’ ನಮ್ಮ ಕಡೆ ಎಷ್ಟೋ ಮದುವೆಗಳು ಹೀಗೇ ಕೂಡಿವೆ. ಹೆಸರು ಬದಲಿಸಲು ನೀನು ಒಪ್ಪುತ್ತಿರಲಿಲ್ಲ, ಆ ಜಗಳ ಬೇರೆ. ಆ ಮುದುಕ ಮಾತ್ರ ಹೇಗಾದರೂ ಮಾಡಿ ನಿನ್ನನ್ನು ನಮ್ಮ ಮನೆಗೆ ತರಲು ನೋಡಿದ.

ಅವ್ವ ನನ್ನ ಕಡೆ ತಿರುಗಿದಳು. ‘ಏನಂತೀ ಗಿರಿಜಾ? ನೀ ಇದನ್ನೆಲ್ಲಾ ನಂಬಾಕಿ ಅಲ್ಲ.’

ನಾನು ನಕ್ಕಿದ್ದರೆ ಸಾಕಿತ್ತು. ಅವಳಿಗೆ ಬೇಕಾಗಿದ್ದದ್ದು ನನ್ನ ನಗು ಅಷ್ಟೇ — ಎಂದಿನಂತೆ, ‘ಸುಮ್ಮನಿರವ್ವಾ’ ಎನ್ನುವ ಒಂದು ನಗು. ಅದರ ಬದಲು ನಾನು ಹೇಳಿದೆ:

‘ಹೆಸರು ಬದಲಿಸಿದ್ರ ಗ್ರಹ ಜಾಗಾ ಬದಲಿಸತೈತೇನವ್ವಾ? ಶನಿ ವೃಶ್ಚಿಕದಾಗನ ಐತಿ. ಅಯ್ಯನವರು ಪುಸ್ತಕದಾಗ ನೋಡ್ಯಾರ. ನಾ ಮೊನ್ನೆ ಕಣ್ಣಾರೆ ನೋಡೀನಿ.’

ಅಯ್ಯನವರು ಬೆಪ್ಪಾಗಿ ನನ್ನನ್ನೇ ನೋಡಿದರು. ಅವರ ಇಡೀ ಆಯುಷ್ಯದಲ್ಲಿ ನನ್ನಂಥವಳಿಂದ ಇಂಥ ಸಹಾಯ ಅವರಿಗೆ ಸಿಕ್ಕಿರಲಿಕ್ಕಿಲ್ಲ. ಅವ್ವ ಎದ್ದು ನಿಂತಳು. ‘ಶನಿ ಸುಳ್ಳು ಅನ್ನಾಕಿ ನೀನ ಹಿಂಗ ಅಂದ್ರ ಮುಗೀತಲ್ಲ’ ಎಂದಳು. ಅಯ್ಯನವರು ಹೇಳಿದ್ದರೆ ಅವಳು ಪರಿಹಾರ ಕೇಳುತ್ತಿದ್ದಳು, ಪೂಜೆ ಮಾಡಿಸುತ್ತಿದ್ದಳು, ಪಾರ್ವತಿ ಎಂದು ಕರೆದು ನಿನ್ನನ್ನು ಒಳಗೆ ಕರೆದುಕೊಳ್ಳುತ್ತಿದ್ದಳು. ದೇವರನ್ನು ನಂಬದವಳು ಹೇಳಿದ ಮೇಲೆ ಪರಿಹಾರ ಎಲ್ಲಿಯದು? ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಅವಳನ್ನು ಮನೆಗೆ ತಂದರೆ ನನ್ನ ಹೆಣ ನೋಡುತ್ತೀ ಎಂದು ಅವ್ವ ಬಸುವಿಗೆ ಹೇಳಿದಳು. ಅವನು ಕೂಗಾಡಿದ, ಗೋಡೆಗೆ ಕೈ ಗುದ್ದಿಕೊಂಡ, ರಿಜಿಸ್ಟರ್ ಮದುವೆ ಆಗುತ್ತೇನೆಂದ. ನಿನ್ನ ಅಪ್ಪ ಒಪ್ಪಲಿಲ್ಲ. ‘ನನ್ನ ಮಗಳನ್ನ ನೋಡಿ ನಡುಗೋ ಮನಿಗೆ ನಾ ಕೊಡಂಗಿಲ್ಲ’ ಎಂದು ಅವರು ಹೇಳಿ ಕಳಿಸಿದರು. ಅವರು ಹೇಳಿದ್ದು ಸರಿಯಾಗಿತ್ತು.

ಆಗ ನೀನು ನನ್ನನ್ನು ಹಂಪಿ ಬಜಾರಿಗೆ ಕರೆಸಿಕೊಂಡೆ, ನೆನಪಿದೆಯಾ? ಕಲ್ಲುಮಂಟಪದ ಕಟ್ಟೆಯ ಮೇಲೆ ಕೂತಿದ್ದೆವು. ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುತ್ತಾ ಓಡಾಡುತ್ತಿದ್ದರು. ನಿನ್ನ ಕಣ್ಣು ಊದಿತ್ತು. ಮಲಪನಗುಡಿಯಲ್ಲಿ ಆಡಿದ ಮಾತಿಗೆ ನೀನೇ ಮೊದಲು, ‘ತಪ್ಪಾತ್ರಿ ಟೀಚರ್, ನಾಕು ಮಂದಿ ಮುಂದ ಹಂಗ ಅನ್ನಬಾರದಿತ್ತು’ ಎಂದೆ. ಆಮೇಲೆ, ‘ಅವ್ವಗ ನಿಮ್ಮ ಮಾತಂದ್ರ ಮಾತು. ಶನಿ ಏನೂ ಮಾಡಂಗಿಲ್ಲ ಅಂತ ನೀವ ಹೇಳ್ರಿ. ನೀವು ಹೇಳಿದ್ರ ಕೇಳತಾರ’ ಎಂದೆ.

ಹೇಳುತ್ತೇನೆ ಎಂದೆ. ನಿನ್ನ ಕೈ ಹಿಡಿದು ಹೇಳಿದೆ.

ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಅವ್ವನಿಗೆ ಏನೂ ಹೇಳಲಿಲ್ಲ. ವಾರ ಕಳೆದು ನಿನಗೆ ಫೋನ್ ಮಾಡಿ, ‘ಎಲ್ಲಾ ಹೇಳಿ ನೋಡಿದ್ನವ್ವಾ, ಅವ್ವ ಕಿವಿ ಮ್ಯಾಲ ಹಾಕ್ಕೊಳ್ಳಲಿಲ್ಲ’ ಎಂದೆ. ಇದು ಅಪ್ಪಟ ಸುಳ್ಳು. ಇದಕ್ಕೆ ಚೇಳು, ರಾಶಿ, ನಕ್ಷತ್ರ ಯಾವುದರ ಮರೆಯೂ ಇಲ್ಲ. ನೀನು ಅತ್ತಕಡೆಯಿಂದ, ‘ನೀವರ ಏನು ಮಾಡತೀರಿ ಬಿಡ್ರಿ’ ಎಂದೆ. ನನ್ನನ್ನೇ ಸಮಾಧಾನ ಮಾಡಿದೆ!

ಇನ್ನು ಬಸು. ಪಂಚಾಂಗದ ಮಾತು ಮನೆಯೊಳಗೆ ಹೇಗೆ ಬಂತು ಎಂದು ಅವನು ಅವ್ವನನ್ನು ಕೇಳಿದ್ದ. ‘ನಾನ ಕೇಳಿಸೀನಿ, ನಾನ ಬ್ಯಾಡ ಅಂದೀನಿ’ ಎಂದಳು ಅವ್ವ. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, ‘ನಿನ್ನ ಹೆಸರು ತಗೀಲಿಲ್ಲ. ನಿನಗ ನಾಕು ಮಂದ್ಯಾಗ ಮರ್ಯಾದಿ ಐತಿ. ಅವನ ಸಿಟ್ಟು ನನ್ನ ಮ್ಯಾಲ ಇರಲಿ’ ಎಂದಳು. ನಾನು ತಲೆಯಾಡಿಸಿದೆ. ಅವನ ಸಿಟ್ಟು ಅವಳ ಮೇಲೆಯೇ ಉಳಿಯಿತು. ಬಸು ಮದುವೆಯಾಗಲಿಲ್ಲ. ಸಂಡೂರಿನ ಕ್ವಾರ್ಟರ್ಸಿನಲ್ಲಿದ್ದಾನೆ. ಹಬ್ಬಕ್ಕೆ ಬಂದರೆ ಹೊರಗಿನ ಕಟ್ಟೆಯ ಮೇಲೆ ಕೂತು ನನ್ನೊಡನೆ ನಾಲ್ಕು ಮಾತಾಡಿ ಎದ್ದು ಹೋಗುತ್ತಾನೆ. ಅವ್ವ ತಂದಿಟ್ಟ ನೀರನ್ನು ಮುಟ್ಟುವುದಿಲ್ಲ, ಅವಳ ಕಡೆ ನೋಡುವುದೂ ಇಲ್ಲ. ಅವಳು ತಂಬಿಗೆ ಹಿಡಿದು ನಿಂತೇ ಇರುತ್ತಾಳೆ. ನಾನು ಅದನ್ನು ಪ್ರತಿ ಹಬ್ಬಕ್ಕೂ ನೋಡಿದ್ದೇನೆ, ನೋಡಿ ಹೋಳಿಗೆ ತಿಂದಿದ್ದೇನೆ.

ಬೇರೆಯವನನ್ನು ಮದುವೆಯಾಗಿ ನೀನು ನೆಲೆಸಿದ ಕಂಪ್ಲಿಯಲ್ಲಿ, ನೀನೇ ನಡೆಸುವ ಮಕ್ಕಳ ವಿಜ್ಞಾನ ಕೂಟಕ್ಕೆ ಹೋದ ತಿಂಗಳು ನನ್ನನ್ನು ಕರೆದೆ. ನಿನ್ನ ಗಂಡ ಕುರ್ಚಿ ಹಾಕಿದ, ನಿನ್ನ ಮಗಳು ಹೂ ಕೊಟ್ಟಳು. ನೀನು ಮೈಕು ಹಿಡಿದು, ಶನಿಗೆ ಹೆದರಬೇಡಿ ಎಂದು ಈ ಸೀಮೆಗೆ ಕಲಿಸಿದ ನಮ್ಮ ಟೀಚರ್ ಎಂದು ಹೇಳಿ ಶಾಲು ಹೊದಿಸಿದೆ. ನಾನು ಹೊದ್ದುಕೊಂಡೆ, ನೀಲಾ. ಚಪ್ಪಾಳೆಗೆ ಕೈ ಮುಗಿದೆ. ಆಗಲೂ ಬಾಯಿ ಬಿಡುತ್ತಿರಲಿಲ್ಲವೇನೋ. ಆದರೆ ಬಸ್ ಹತ್ತಿಸಲು ಬಂದವಳು ನೀನು ಕೇಳಿದೆ: ‘ನಿಮ್ಮ ಅವ್ವ ಹೆಂಗದಾರ್ರಿ? ನನಗ ಅವರ ಮ್ಯಾಲ ಸಿಟ್ಟಿಲ್ಲ ಅಂತ ಹೇಳ್ರಿ. ಪಾಪ, ಹೆದರಿದವರ ಮ್ಯಾಲ ಏನು ಸಿಟ್ಟು ಮಾಡೋದು.’

ನನ್ನ ಪಾಲಿನ ಕ್ಷಮೆಯನ್ನು ನೀನು ಅವ್ವನ ಹೆಸರಿಗೆ ಕಳಿಸುತ್ತಿದ್ದೆ, ಅದೂ ನನ್ನ ಕೈಯಲ್ಲೇ. ಬಸ್ಸಿನಲ್ಲಿ ಆ ಶಾಲನ್ನು ಬಿಚ್ಚಿ ಮಡಚಿ ಚೀಲದ ತಳಕ್ಕೆ ತುರುಕಿದೆ.

ಮನೆಗೆ ಬಂದಾಗ ಅವ್ವ ದೇವರ ಮುಂದೆ ಎಳ್ಳೆಣ್ಣೆಯ ದೀಪಕ್ಕೆ ಬತ್ತಿ ಸರಿಮಾಡುತ್ತಿದ್ದಳು. ಆ ಸೋಮವಾರದಿಂದ ಅವಳಿಗೆ ಮತ್ತೆ ಶನಿಯ ಭಯ ಹತ್ತಿಕೊಂಡಿದೆ. ಶನಿವಾರ ತಪ್ಪದೆ ದೀಪ ಹಚ್ಚುತ್ತಾಳೆ, ಮಗ ಆ ಕಾಟದಿಂದ ಪಾರಾಗಿ ಬದುಕಿರುವುದಕ್ಕೆ. ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಶನಿ ಅಲ್ಲಿ ಇದ್ದದ್ದು ನಿಜ, ಅದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ, ಅವಳನ್ನು ಹೆದರಿಸಲೆಂದೇ ನಾನು ಹಾಗೆ ಹೇಳಿದೆ ಎಂದೆ. ಅವಳು ಬಹಳ ಹೊತ್ತು ಬತ್ತಿಯನ್ನೇ ಹೊಸೆಯುತ್ತಿದ್ದಳು.

‘ಹಂಗಾರ ಶನಿ ಕಾಟ ಇರಲೇ ಇಲ್ಲೇನು?’

‘ಇಲ್ಲವ್ವಾ.’

‘ಸುಮ್ಮಸುಮ್ಮನ ನನ್ನ ಮಗನ್ನ ಕಳಕೊಂಡೆ?’

ಕೈ ಹಿಡಿಯಲು ಹೋದೆ, ಕೊಸರಿಕೊಂಡಳು. ‘ಮುಟ್ಟಬ್ಯಾಡ ನನ್ನ. ಬಸುಗ ಫೋನ್ ಹಚ್ಚು’ ಎಂದಳು. ಹಚ್ಚಿದೆ. ‘ಹೇಳಕ್ಕಾ’ ಎಂದ. ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ನಿನಗೆ ಇಲ್ಲಿ ಬರೆದದ್ದನ್ನೆಲ್ಲ ಅವನಿಗೆ ಹೇಳಿದೆ. ಗಾಜು ಒರೆಸಿದ್ದನ್ನೂ ಬಿಡಲಿಲ್ಲ. ಮುಗಿದ ಮೇಲೆ, ‘ಅವ್ವಗ ಕೊಡು’ ಎಂದ.

ಅವ್ವನಿಗೆ ಅವನು ಏನೆಂದನೆಂದು ಫೋನಿನಿಂದ ಹೊರಗೂ ಕೇಳಿಸಿತು. ‘ಉಂಡೀ ಏನವ್ವಾ?’ ಎಂದ. ಅವಳು ಅಳುತ್ತಾ ಫೋನನ್ನು ನನ್ನ ಮಡಿಲಿಗೆ ಹಾಕಿದಳು.

‘ನೀಲಾಗ ಗೊತ್ತೈತೇನು?’ ಎಂದು ಕೇಳಿದ.

ಇಲ್ಲ ಎಂದೆ.

‘ಬರದು ಹೇಳು. ನಿನ್ನ ಹೆಸರು ಹಾಕಿ, ನಿನಗ ಶಾಲು ಹೊದ್ದಿಸಿದ ಮಂದಿನೂ ಓದೂ ಹಂಗ ಬರಿ. ಆದ್ರ ಕ್ಷಮಾ ಕೇಳಬ್ಯಾಡ’ ಎಂದ. ಆಮೇಲೆ, ‘ಕೇಳಿದ್ರ ಆಕಿ ಕೊಟ್ಟುಬಿಡತಾಳ’ ಎಂದ.

ಕೇಳುವುದಿಲ್ಲ, ನೀಲಾ.